ಸಂತ ಲಾರೆನ್ಸನ ಜೀರ್ಣೋದ್ಧಾರ

ಫೆಬ್ರವರಿ ತಿಂಗಳು, ಟೊಮೆಟೊ ಹಣ್ಣಾಗಿ ಉದುರುವ ಕಾಲ. ಸಿಡ್ನಿಯಲ್ಲಿ ಆ ವರ್ಷವೂ ಮಳೆ ಸರಿಯಾಗಿರಲಿಲ್ಲ. ಅದರ ಹೊರವಲಯದ ಲಿವರ್‌ಪೂಲಿನ ಬೀದಿಗಳಲ್ಲಿ ಮನೆಮುಂದಿನ ಹುಲ್ಲು ಸುಟ್ಟ ಚಾಪೆಯ ಹಾಗೆ ಬಿದ್ದಿತ್ತು. ವಾರಕ್ಕೆ ಎರಡೇ ದಿನ ಹೋಸ್ ಹಿಡಿಯಬೇಕೆಂಬ ಕಟ್ಟಳೆಯಿದ್ದುದರಿಂದ ಇಟಲಿಯ ಮುದುಕಿ ಅಸ್ಸುಂತಾ ಪಾತ್ರೆ ತೊಳೆದ ನೀರನ್ನು ಬಕೆಟಿನಲ್ಲಿ ಹೊತ್ತು ಹಿತ್ತಲಿನ ಗಿಡಗಳನ್ನು ಉಳಿಸಿಕೊಂಡಿದ್ದಳು. ಈಗ ಆ ಗಿಡಗಳ ಹಣ್ಣೆಲ್ಲ ಬುಟ್ಟಿಗೆ ಬಂದು, ವರ್ಷಕ್ಕಾಗುವಷ್ಟು ಸಾಸ್ ಮಾಡುವ ಕೆಲಸ ಬೆಳಗಿನಿಂದ ನಡೆದಿತ್ತು.

ಪಕ್ಕದ ಮನೆಯ ಸುಗುಣಾ ಗಿಡ್ಡ ಸ್ಟೂಲಿನ ಮೇಲೆ ಕುಳಿತು ಹಣ್ಣಿನ ತೊಟ್ಟು ತೆಗೆದು ಸೀಳಿ ಹಾಕುತ್ತಿದ್ದಳು. ಅಸ್ಸುಂತಾ ಕೈಯಂತ್ರ ತಿರುಗಿಸಿದರೆ ಒಂದು ಬಾಯಿಂದ ಕೆಂಪು ರಸ, ಇನ್ನೊಂದು ಬಾಯಿಂದ ಸಿಪ್ಪೆ, ಬೀಜ. ತುಂಬಿದ ಬಾಟಲಿಗಳಿಗೆ ಹಳೆಯ ಬಟ್ಟೆ ಸುತ್ತಿ, ಇಟ್ಟಿಗೆ ಒಲೆಯ ಮೇಲಿನ ಡ್ರಮ್ಮಿನಲ್ಲಿ ಬೇಯಲು ಇಟ್ಟಾಗಿತ್ತು. ಬೇಸಗೆಯಲ್ಲಿ ಹಿತ್ತಲಲ್ಲಿ ಬೆಂಕಿ ಹಾಕಬಾರದೆಂದೂ ಒಂದು ಕಟ್ಟಳೆ ಇತ್ತು. ಅದು ತನಗಲ್ಲ ಎಂದು ಅಸ್ಸುಂತಾ ತಿಳಿದಿದ್ದಳು. ಸುಗುಣಾಳಿಗೆ ಕಾರ್ಕಳದ ಕಡೆಯ ತನ್ನ ತವರಿನ ಅಂಗಳ, ಅಲ್ಲಿ ಭತ್ತ ಬೇಯಿಸುವ ಹಂಡೆ, ತೆಂಗಿನ ಮಡಲಿನ ಹೊಗೆ ಎಲ್ಲ ಈ ಒಂದು ದಿನ ಮೂಗಿಗೆ ಬರುತ್ತಿತ್ತು. ಅದಕ್ಕೇ ಅವಳು ಪ್ರತಿ ವರ್ಷ ಕೆಲಸಕ್ಕೆ ರಜೆ ಹಾಕಿ ಬಂದು ಕೂರುವುದು.

ಸಂಜೆ ಅವಳ ಪಾಲಿನ ಬಾಟಲಿಗಳು ಬೇಲಿಯ ಮೇಲಿನಿಂದ ಈಚೆ ಬರುತ್ತಿದ್ದವು. ಖಾಲಿಯಾದಂತೆ ಅವಳು ತೊಳೆದು ಹಿಂದಿರುಗಿಸುವಳು. ಆದರೆ ಖಾಲಿ ಅಲ್ಲ. ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದು ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಒಮ್ಮೆ ನಿಂಬೆ ಉಪ್ಪಿನಕಾಯಿ, ಒಮ್ಮೆ ಸಾರಿನ ಪುಡಿ, ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ.

"ಸುಗುಣಾ," ಎಂದಳು ಅಸ್ಸುಂತಾ ಯಂತ್ರ ನಿಲ್ಲಿಸಿ. ಉಸಿರು ಕಟ್ಟುತ್ತಿತ್ತು. ಅವಳದು ಮುರುಕು ಇಂಗ್ಲಿಷು, ಸುಗುಣಾಳದೂ ಅಂಥದ್ದೇ. ಹೀಗಾಗಿ ಇಬ್ಬರಿಗೂ ಪರಸ್ಪರ ಚೆನ್ನಾಗಿ ಅರ್ಥವಾಗುತ್ತಿತ್ತು. "ಜೂನಿನಲ್ಲಿ ಎದೆ ಕೊಯ್ಯುತ್ತಾರಂತೆ. ಡಾಕ್ಟರು ಮೀಸೆ ಬಾರದ ಹುಡುಗ. ಏಳುತ್ತೇನೋ ಇಲ್ಲವೋ."

"ಏಳ್ತೀರಿ. ಮುಂದಿನ ವರ್ಷ ಟೊಮೆಟೊ ಯಾರು ಅರೀತಾರೆ?"

"ಅರೆಯುವವರು ಸಿಗುತ್ತಾರೆ. ಲೊರೆಂಜೊನನ್ನು ಒಯ್ಯುವವರು ಸಿಗುವುದಿಲ್ಲ."

ಅವಳು ಒಳಗೆ ಹೋಗಿ ಅಡುಗೆಮನೆಯ ಗೋಡೆಯಿಂದ ಪಟ ತೆಗೆದುಕೊಂಡು ಬಂದಳು.

ಶಾಲೆಯ ಸ್ಲೇಟಿನಷ್ಟು ದೊಡ್ಡ ಮರದ ಹಲಗೆ, ಅದರ ಮೇಲೆ ಎಣ್ಣೆ ಬಣ್ಣ. ಕೆಂಪು ನಿಲುವಂಗಿಯ ಒಬ್ಬ ಹುಡುಗ ಕೈ ಚಾಚಿ ನಿಂತಿದ್ದಾನೆ. ಅವನ ಸುತ್ತ ಕುರುಡರು, ಕುಂಟರು, ಮಗು ಕಟ್ಟಿಕೊಂಡ ಹೆಂಗಸು. ಯಾರಿಗೂ ಸರಿಯಾದ ಮುಖವಿಲ್ಲ. ಒಂದೊಂದು ಕಂದು ಗೀಟು, ಒಂದೊಂದು ಬಿಳಿ ಚುಕ್ಕೆ. ಆದರೆ ಕುರುಡ ಕುರುಡನೆಂದೇ ತಿಳಿಯುತ್ತಿತ್ತು, ಹೆಂಗಸಿನ ಹಸಿವು ಅವಳ ಹೆಗಲಲ್ಲಿ ಕಾಣುತ್ತಿತ್ತು. ಮೂಲೆಯಲ್ಲಿ ನೆಲದ ಮೇಲೆ ಕಬ್ಬಿಣದ ಒಂದು ಜಾಲರಿ.

ಐದಾರು ವರ್ಷದ ಹಿಂದೆ, ಈ ಮನೆಗೆ ಮೊದಲ ಸಲ ಬಂದಾಗ, ಆ ಜಾಲರಿಯನ್ನು ನೋಡಿಯೇ ಸುಗುಣಾ, "ಇದು ನಮ್ಮ ಅತ್ತೂರಿನ ಲಾರೆನ್ಸ್ ಅಲ್ವಾ?" ಎಂದಿದ್ದಳು. ಅತ್ತೂರಿನ ಇಗರ್ಜಿಗೆ ಅವಳ ತವರಿನವರು ಹಿಂದೂಗಳಾದರೂ ಮೇಣದಬತ್ತಿಯ ಹರಕೆ ಹೊರುವವರು. ಹಸುವಿಗೆ ಸೌಖ್ಯವಿಲ್ಲದಿದ್ದರೂ ಲಾರೆನ್ಸ್, ಮಗುವಿಗೆ ಜ್ವರ ಬಂದರೂ ಲಾರೆನ್ಸ್. ಇಗರ್ಜಿಯ ಭಂಡಾರ ತಂದೊಪ್ಪಿಸು ಎಂದ ಅರಸನಿಗೆ ಊರಿನ ಬಡವರನ್ನು ಸಾಲಾಗಿ ನಿಲ್ಲಿಸಿ, ಇದೇ ನಮ್ಮ ಭಂಡಾರ ಎಂದು ತೋರಿಸಿದವನು. ಅದಕ್ಕೆ ಅವನನ್ನು ಜಾಲರಿಯ ಮೇಲೆ ಮಲಗಿಸಿ ಸುಟ್ಟರು. ಈ ಕಪ್ಪು ಹೆಂಗಸಿಗೆ ತನ್ನ ಊರಿನ ಸಂತ ಲೊರೆಂಜೊನ ಗುರುತು ಸಿಕ್ಕಿತಲ್ಲ ಎಂದು ಅಸ್ಸುಂತಾ ಅವತ್ತು ಅತ್ತೇಬಿಟ್ಟಿದ್ದಳು. ಬಾಟಲಿಗಳ ಓಡಾಟ ಸುರುವಾದದ್ದು ಅಲ್ಲಿಂದ.

ಪಟದ ಕತೆಯನ್ನೂ ಅವಳು ಹೇಳಿದ್ದಳು. ಇಟಲಿಯಲ್ಲಿ ಅವರ ಊರಿನ ಇಗರ್ಜಿಗೆ ದೊಡ್ಡ ಚಿತ್ರ ಬರೆಯಲು ನೇಪಲ್ಸಿನಿಂದ ಒಬ್ಬ ಬಂದಿದ್ದನಂತೆ. ಒಂದು ಚಳಿಗಾಲವಿಡೀ ಅವರ ಅಜ್ಜನ ಅಜ್ಜನ ಮನೆಯಲ್ಲಿ ಉಂಡ. ಪಾದ್ರಿಗಳಿಗೆ ತೋರಿಸಲು ಮೊದಲು ಬರೆದುಕೊಂಡ ಈ ಚಿಕ್ಕ ಹಲಗೆಯನ್ನು ಹೋಗುವಾಗ ಉಂಡ ಋಣಕ್ಕೆಂದು ಬಿಟ್ಟುಹೋದ. ಆಮೇಲೆ ಭೂಕಂಪದಲ್ಲಿ ಇಗರ್ಜಿ, ದೊಡ್ಡ ಚಿತ್ರ ಎರಡೂ ಬಿದ್ದವು. ಉಳಿದದ್ದು ಇದೊಂದೇ. ತಾಯಿ ಅದನ್ನು ಹಿರಿಮಗಳು ರೊಸಿನಾಳಿಗೆಂದು ಇಟ್ಟಿದ್ದಳು. ಕಿರಿಯವಳಾದ ಅಸ್ಸುಂತಾ ಮದುವೆಯಾಗಿ ಹಡಗು ಹತ್ತುವ ಹಿಂದಿನ ದಿನ ಅದನ್ನು ತನ್ನ ಹಾಸಿಗೆಯ ಗಂಟಿನಲ್ಲಿ ಸೇರಿಸಿಕೊಂಡಳು. ರೊಸಿನಾ ಕೆಲವು ವರ್ಷದ ನಂತರ ಮೆಲ್ಬರ್ನಿಗೆ ಬಂದಳು. ಅಕ್ಕತಂಗಿಯರು ಹೆಣ ಎತ್ತುವ ಮನೆಗಳಲ್ಲಿ ಎದುರಾದರೂ ಮಾತಾಡಿರಲಿಲ್ಲ.

"ಇದನ್ನು ಅವಳ ಕೈಗೆ ಕೊಡು. ನನ್ನ ಮಗನಿಗೆ ಕೊಟ್ಟರೆ ಮಾರಿಯಾನು. ಅವಳಿಗೆ ಇದು ಮುಟ್ಟಿ, ಒಂದು ಸಲ ಫೋನಿನಲ್ಲಿ ನನ್ನನ್ನು ಬೈದರೆ ಸಾಕು. ಆಮೇಲೆ ಎದೆ ಕೊಯ್ಯಲಿ." ಹಲಗೆ ತಿರುಗಿಸಿ ಹಿಂಬದಿಯಲ್ಲಿ ಹೆಬ್ಬೆಟ್ಟಿನಗಲದ ಒಂದು ಕರಿಕಲೆ ತೋರಿಸಿದಳು. "ಚಿಕ್ಕವರಿದ್ದಾಗ ಇದನ್ನು ಕಂಬಳಿಯೊಳಗೆ ತೆಗೆದುಕೊಂಡು ಹೋಗಿ ಬತ್ತಿ ಹಚ್ಚಿ ನೋಡುತ್ತಿದ್ದೆವು. ಸುಟ್ಟದ್ದು ನಾನು. ಪೆಟ್ಟು ತಿಂದದ್ದು ಅವಳು."

"ಕೊಡ್ತೇನೆ," ಎಂದಳು ಸುಗುಣಾ.

ಸುಗುಣಾಳ ಗಂಡ ಪುರುಷೋತ್ತಮನಿಗೆ ಈ ಸ್ನೇಹ ಹಿಡಿಸುತ್ತಿರಲಿಲ್ಲ. ಆಫೀಸುಗಳ ಕಸ ಗುಡಿಸಿ ಒರೆಸುವ ಕಂಟ್ರಾಕ್ಟು ಅವನದು. ಒಳ್ಳೆಯ ಕೆಲಸ, ಅನ್ನ ಕೊಟ್ಟ ಕೆಲಸ. ಅವನು ಮಾತ್ರ ಅದನ್ನು 'ಫೆಸಿಲಿಟೀಸ್' ಎನ್ನುತ್ತಿದ್ದ. ಹೆಂಡತಿ ಮುದುಕಿಯ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದನ್ನು ಯಾರಾದರೂ ಕಂಡಾರೆಂದು ಅವನಿಗೆ ಭಯ. ಊರವರ ಬಳಗಕ್ಕೆ ಮೂರನೆಯ ಸಲ ಅಧ್ಯಕ್ಷನಾಗಿದ್ದ. ಬೇರೆಯವರಿಗೆ ಪುರುಸೊತ್ತಿಲ್ಲದ್ದು ತನ್ನ ಯೋಗ್ಯತೆ ಎಂದು ತಿಳಿದಿದ್ದ.

ಅವನ ಬಾಳಿನ ದೊಡ್ಡ ಸಾಧನೆಯೆಂದರೆ ಊರಿನ ದೈವಸ್ಥಾನದ ಜೀರ್ಣೋದ್ಧಾರ. ಸಿಡ್ನಿಯಿಂದ ಚಂದಾ ಎತ್ತಿ ಕಳಿಸಿ, ಫೋನಿನಲ್ಲೇ ಎಲ್ಲ ನಿಂತು ಮಾಡಿಸಿದ್ದ. ಹಲಸಿನ ಮರದ ಕೆತ್ತನೆಯ ಬಾಗಿಲು ಹೋಗಿ ಸ್ಟೀಲಿನದು ಬಂತು. ಮಣ್ಣಿನ ಗೋಡೆ ಹೋಗಿ ಬಾತ್‌ರೂಮಿನ ಟೈಲ್ಸು ಬಂತು. ಅಮೃತಶಿಲೆಯ ಮೇಲೆ ದೈವದ ಹೆಸರಿಗಿಂತ ಇವನ ಹೆಸರಿನ ಅಕ್ಷರ ಒಂದು ಬೆರಳು ದೊಡ್ಡದಾಗಿತ್ತು. ಮಳೆಗಾಲದಲ್ಲಿ ಅಲ್ಲಿ ಕೈಮುಗಿಯಲು ಹೋದವರು ಜಾರಿ ಬೀಳುತ್ತಿದ್ದರು. ಅದನ್ನೂ ಅವನು ಸಾಷ್ಟಾಂಗ ನಮಸ್ಕಾರದ ಲೆಕ್ಕಕ್ಕೆ ಹಿಡಿದಿರಬೇಕು.

ದೇವರ ಕಪಾಟಿನಲ್ಲಿ ಹಲಗೆ ಕಂಡಾಗ ಅವನು, "ಎಂತ ಇದು, ಅಡುಗೆಮನೆ ಮಸಿ?" ಎಂದ. ಸುಗುಣಾ ವಿಷಯ ಹೇಳಿದಳು. ಜೂನಿನ ಲಾಂಗ್ ವೀಕೆಂಡಿಗೆ ಬಳಗದ ಕಾರ್ಯಕ್ರಮಕ್ಕೆಂದು ಹೇಗೂ ಮೆಲ್ಬರ್ನಿನ ವಿಂಡಮ್ ವೇಲ್‌ಗೆ, ಅವನ ದೊಡ್ಡಪ್ಪನ ಮಗ ಪ್ರೀತಮನ ಮನೆಗೆ ಹೋಗುವುದಿತ್ತು. ರೊಸಿನಾಳ ಹೂಕೋಸಿನ ತೋಟ ಅಲ್ಲಿಂದ ದೂರವಿಲ್ಲ, ವೆರಿಬಿ ಸೌತ್.

"ಹೀಗೇ ಕೊಡುವುದಾ? ಪುರುಷೋತ್ತಮನ ಮನೆಯಿಂದ ಮಸಿ ಹಿಡಿದ ಹಲಗೆ ಬಂತು ಅಂತ ಆಗ್ಬೇಕಾ?"

"ಅವರ ಮನೆಯದ್ದು ಇದು. ನಮ್ಮದಲ್ಲ."

"ನಿನಗೆ ಮರ್ಯಾದೆ ವಿಷಯ ಅರ್ಥ ಆಗುದಿಲ್ಲ ಮಾರಾಯ್ತಿ. ಒಂದು ಫ್ರೇಮ್ ಆದರೂ ಹಾಕ್ಸುವ. ನಾನು ನೋಡ್ಕೊಳ್ತೇನೆ."

ಫ್ರೇಮ್ ತಾನೆ ಎಂದು ಸುಗುಣಾ ಹಲಗೆಯನ್ನು ಅವನ ಕೈಗೆ ಕೊಟ್ಟಳು.

ಪುರುಷೋತ್ತಮ ಹಲಗೆಯನ್ನು ಸಿಡ್ನಿಯ ಇನ್ನೊಂದು ಬದಿಯ ರೌಸ್ ಹಿಲ್‌ಗೆ ಒಯ್ದ. ಅಲ್ಲಿ ಸಂಪತ್ ಎಂಬ ಬೆಂಗಳೂರಿನ ಹುಡುಗ ಗ್ಯಾರೇಜೊಂದನ್ನು ರೆಂಟ್‌ಗೆ ಹಿಡಿದಿದ್ದ. ಅಕೌಂಟಿಂಗ್ ಓದಲು ಬಂದವನು, ಪಿಆರ್‌ಗೆ, ಅಂದರೆ ಇಲ್ಲೇ ಖಾಯಂ ನೆಲೆಸುವ ಪರವಾನಗಿಗೆ, ಕಾಯುತ್ತಿದ್ದ, ಬಿಡುವಿನಲ್ಲಿ ಸಮಾರಂಭಗಳಿಗೆ ಪರದೆ, ಬ್ಯಾನರ್ ಬರೆಯುತ್ತಿದ್ದ. ಅವನಿಗೆ ಒಂದು ಶಿಫಾರಸು ಪತ್ರ ಕೊಡುವುದಾಗಿ ಪುರುಷೋತ್ತಮ ಒಂದು ವರ್ಷದಿಂದ ಹೇಳುತ್ತ ಬಂದಿದ್ದ.

ಸಂಪತ್ ಹಲಗೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಸಾರ್, ಇದನ್ನ ಹಿಂಗೇ ಬಿಟ್ಬಿಡೋಣ ಅನ್ಸುತ್ತೆ. ಹೆಂಗೆ ಎಳ್ದಿದಾನೆ ನೋಡಿ ಸಾರ್, ಒಂದೇ ಉಸ್ರಲ್ಲಿ."

"ಕಣ್ಣಿಲ್ಲ, ಮೂಗಿಲ್ಲ, ಕೈಗೆ ಬೆರಳಿಲ್ಲ. ಅರ್ಧ ಕೆಲಸ ಮಾಡಿ ಎದ್ದುಹೋಗಿದ್ದಾನೆ ಪೇಂಟರು. ನನ್ನ ಹತ್ತಿರ ಹೀಗೆ ಮಾಡಿದ್ರೆ ಕಂಟ್ರಾಕ್ಟ್ ಕ್ಯಾನ್ಸಲ್."

"ಸಾರ್, ಇದು ಸ್ಕೆಚ್ಚು..."

"ನಿನಗೆ ಬರ್ತದಾ ಇಲ್ವಾ, ಅದು ಹೇಳು."

"ಬರುತ್ತೆ ಸಾರ್."

"ಮತ್ತೆಂತ? ಫಿನಿಶ್ ಮಾಡು. ತಲೆ ಹಿಂದೆ ಬಂಗಾರದ ಚಕ್ರ ಬರ್ಲಿ. ಇವರೆಲ್ಲ ಯಾರು, ಭಿಕ್ಷುಕರಾ? ಒಳ್ಳೆ ಬಟ್ಟೆ ಹಾಕು ಅವರಿಗೆ. ಉಡುಗೊರೆ ಕೊಡುವ ಪಟ ಇದು. ನಗ್ಲಿ ಸ್ವಲ್ಪ."

"ಈ ಜಾಲರಿ ಸಾರ್?"

"ಕಿಟಕಿ ಗ್ರಿಲ್ ನೆಲದಲ್ಲಿ ಯಾಕೆ ಬಿದ್ದಿದೆ? ತೆಗೆ ಅದನ್ನು. ಅಲ್ಲಿ ಹೂ ಹಾಕು."

ಸಂಪತ್ ಪಿಆರ್ ನೆನೆದು ಬ್ರಷ್ ಎತ್ತಿಕೊಂಡ. ಕೂಲಿಯ ಮಾತು ಬಂದಾಗ ಪುರುಷೋತ್ತಮ, "ದೇವರ ಕೆಲಸ ಅಲ್ವಾ ಮಾರಾಯ," ಎಂದು ಬೆನ್ನು ತಟ್ಟಿದ.

ಮೆಲ್ಬರ್ನಿಗೆ ಹೊರಡುವ ಬೆಳಿಗ್ಗೆ ಪಟ ಮನೆಗೆ ಬಂತು. ಬಂಗಾರದ ಬಣ್ಣದ ಕಾಗದ ಸುತ್ತಿ, ಕೆಂಪು ರಿಬ್ಬನ್ ಕಟ್ಟಿತ್ತು. ಸುಗುಣಾ ಎತ್ತಿ ನೋಡಿದಳು. ಅಡುಗೆಯ ಮಣೆಯಷ್ಟು ಹಗುರ ಇದ್ದದ್ದು ಈಗ ರುಬ್ಬುಗುಂಡಿನ ಹಾಗೆ ಭಾರವಾಗಿತ್ತು.

"ಒಮ್ಮೆ ಬಿಚ್ಚಿ ನೋಡ್ತೇನೆ."

"ರಿಬ್ಬನ್ ಹಾಳಾಗ್ತದೆ. ಅಲ್ಲೇ ನೋಡು, ಖುಷಿಯಾಗ್ತಿ."

ಮಗಳು ನಿರೀಕ್ಷಾ ಕಾರಿನ ಹಿಂದಿನ ಸೀಟಿನಿಂದ ಇಯರ್‌ಫೋನ್ ತೆಗೆದು, "ಡ್ಯಾಡ್, ವಾಟ್ ಡಿಡ್ ಯು ಡು?" ಎಂದಳು. ಅಪ್ಪನನ್ನು ಅವಳು ಬಲ್ಲಳು. ಅವನು ಕೇಳಿಸದ ಹಾಗೆ ಹೊಸ ಕ್ಯಾಮ್ರಿಯ ಕನ್ನಡಿ ಸರಿಮಾಡಿಕೊಂಡ.

ಶನಿವಾರ ವಿಂಡಮ್ ವೇಲ್‌ನಲ್ಲಿ ಕಾರ್ಯಕ್ರಮ. ಮರಗಳಿನ್ನೂ ಹುಟ್ಟದ ಹೊಸ ಬಡಾವಣೆ, ಎಲ್ಲ ಮನೆಗಳೂ ಒಂದೇ ಅಚ್ಚಿನವು. ರೊಸಿನಾಳನ್ನು ವೇದಿಕೆಗೆ ಕರೆಸಿ ಶಾಲು ಹೊದಿಸಿ ಪಟ ಕೊಡುವುದು ಪುರುಷೋತ್ತಮನ ಯೋಜನೆಯಾಗಿತ್ತು. ಅವಳು ಫೋನಿನಲ್ಲಿ, "ನನಗೆ ಕೋಸು ಕೊಯ್ಯುವುದಿದೆ. ಬರುವವರು ಬನ್ನಿ," ಎಂದು ಇಟ್ಟುಬಿಟ್ಟಿದ್ದಳು. ಹಾಗಾಗಿ ವೇದಿಕೆಯಲ್ಲಿ ಅವನು ಭಾಷಣವನ್ನಷ್ಟೇ ಮಾಡಿದ. ನಮ್ಮ ಸಂಸ್ಕೃತಿ ಇನ್ನೊಬ್ಬರ ದೇವರನ್ನೂ ಉದ್ಧಾರ ಮಾಡುವಂಥದ್ದು ಎಂದಾಗ ಹಿಂದಿನ ಸಾಲಿನಲ್ಲಿ ಊಟದ ತಟ್ಟೆಗಳ ಸದ್ದು ಜೋರಾಗಿತ್ತು.

ಭಾನುವಾರ ಬೆಳಿಗ್ಗೆ ಶಾಲು, ಹಣ್ಣಿನ ಬುಟ್ಟಿ, ಕ್ಯಾಮೆರಾ ಹಿಡಿದ ಪ್ರೀತಮ, ಎಲ್ಲ ಸಮೇತ, ನಿದ್ದೆಯಲ್ಲಿದ್ದ ನಿರೀಕ್ಷಾಳನ್ನು ಮನೆಯಲ್ಲೇ ಬಿಟ್ಟು, ಗಂಡಹೆಂಡತಿ ವೆರಿಬಿ ಸೌತ್‌ಗೆ ಹೋದರು. ಸಮುದ್ರದ ಗಾಳಿ ಚಳಿಯಾಗಿ ಬೀಸುತ್ತಿತ್ತು. ಕಣ್ಣು ಹಾಯುವವರೆಗೆ ಕೋಸಿನ ಸಾಲು. ರೊಸಿನಾ ಮೊಣಕಾಲುದ್ದದ ರಬ್ಬರ್ ಬೂಟಿನಲ್ಲಿ, ಕೈಯಲ್ಲಿ ಉದ್ದ ಕತ್ತಿ ಹಿಡಿದು, ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ತಂಗಿಯ ಮುಖವೇ, ಆದರೆ ಇನ್ನೂ ಒಣಗಿದ್ದು.

ಅಡುಗೆಮನೆಯ ಮೇಜಿನ ಮೇಲೆ ಪೊಟ್ಟಣ ಇಟ್ಟರು. ಅವಳು ರಿಬ್ಬನ್ ಬಿಚ್ಚಲಿಲ್ಲ. ಕೋಸಿನ ಕತ್ತಿಯಿಂದಲೇ ಕೊಯ್ದಳು.

ಗಾಜಿನ ಹಿಂದೆ, ನಾಲ್ಕು ಬೆರಳಗಲದ ಬಂಗಾರದ ಚೌಕಟ್ಟಿನಲ್ಲಿ, ಗುಲಾಬಿ ಕೆನ್ನೆಯ ಒಬ್ಬ ಯುವಕ ದೊಡ್ಡ ಕಣ್ಣು ಬಿಟ್ಟು ನಿಂತಿದ್ದ. ತುಟಿಗೆ ಬಣ್ಣ ಇತ್ತು. ಅವನ ಸುತ್ತ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟ ಜನ ಮದುವೆಮನೆಯ ಫೋಟೋಕ್ಕೆ ನಿಂತ ಹಾಗೆ ನಗುತ್ತಿದ್ದರು. ಕುರುಡನಿಗೆ ಕಣ್ಣು ಬಂದಿತ್ತು. ಕುಂಟನಿಗೆ ಕಾಲು ಬಂದಿತ್ತು. ಲಾರೆನ್ಸನು ಬದುಕಿಡೀ ಮಾಡಲಾರದ ಪವಾಡವನ್ನು ಪುರುಷೋತ್ತಮ ಹದಿನೈದು ದಿನದಲ್ಲಿ ಮಾಡಿ ಮುಗಿಸಿದ್ದ. ಜಾಲರಿ ಇದ್ದಲ್ಲಿ ಕೆಂಪು ದಾಸವಾಳ.

ಸುಗುಣಾ ಜಾಲರಿಯಿದ್ದ ಮೂಲೆಯನ್ನು ಗಾಜಿನ ಮೇಲಿನಿಂದಲೇ ಬೆರಳಿನಲ್ಲಿ ಉಜ್ಜಿದಳು.

ರೊಸಿನಾ ನಕ್ಕಳು. ನಗು ನಿಲ್ಲಿಸಿ ಹೇಳಿದಳು: "ಐವತ್ತು ವರ್ಷ. ಐವತ್ತು ವರ್ಷ ಕಳ್ಳಮಾಲು ಇಟ್ಟುಕೊಂಡು, ಈಗ ನನಗೆ ಚಾಕೊಲೇಟ್ ಡಬ್ಬಿಯ ಮುಚ್ಚಳ ಕಳಿಸಿದ್ದಾಳೆ. ಅಸಲಿ ಅವಳ ಗೋಡೆಯಲ್ಲಿ, ನಕಲಿ ನನಗೆ. ಹೇಳಿ ಅವಳಿಗೆ, ಸಾಯುವಾಗಲೂ ಕದ್ದೇ ಸಾಯಿ ಅಂತ."

ಪ್ರೀತಮ ಕ್ಯಾಮೆರಾ ಕೆಳಗಿಳಿಸಿದ. ಪುರುಷೋತ್ತಮ ಮುದುಕಿಯ ಕತ್ತಿ ನೋಡಿದ, ಹೆಂಡತಿಯ ಮುಖ ನೋಡಿದ. ನಿನ್ನೆ ವೇದಿಕೆಯಲ್ಲಿ ಉದ್ಧಾರದ ಮಾತಾಡಿದವನು ಈಗ ಗಂಟಲು ಸರಿಮಾಡಿಕೊಂಡು, "ಮೇಡಮ್, ನಮಗೆ ಗೊತ್ತಿಲ್ಲ. ಅವರು ಏನು ಕೊಟ್ಟರೋ ಅದನ್ನೇ ತಂದದ್ದು," ಎಂದ ಇಂಗ್ಲಿಷಿನಲ್ಲಿ.

ಇಷ್ಟು ವರ್ಷ ಸುಗುಣಾ ಅವನನ್ನು ಬಡಾಯಿಕೋರನೆಂದು ಮಾತ್ರ ತಿಳಿದಿದ್ದಳು. ಬಡಾಯಿ ಒಂದು ಥರದ ನೆಗಡಿಯೆಂದು, ಬದಿಗೆ ಸರಿದು ಕೂತರೆ ಆಯಿತೆಂದು ಬದುಕಿದ್ದಳು. ಅದರಡಿಯಲ್ಲಿ ಇದೂ ಇತ್ತೇ?

"ಸುಳ್ಳು," ಎಂದಳು ಅವಳು, ರೊಸಿನಾಳಿಗೆ. "ಅಸ್ಸುಂತಾ ಅಸಲಿಯನ್ನೇ ಕೊಟ್ಟಳು. ಇವರು ನನ್ನ ಗಂಡ. ಇವರು ಅದರ ಮೇಲೆ ಬಣ್ಣ ಬಳಿಸಿದ್ದಾರೆ."

"ಸುಗುಣಾ! ಎಂತ ಮಾತಾಡ್ತಿ ನೀನು, ಪ್ರೀತಮನ ಎದುರು?"

"ಪ್ರೀತಮ ಮಾತ್ರ ಅಲ್ಲ, ಆ ದೈವವೂ ಕೇಳಲಿ. ಒಂದು ಮುದುಕಿಯನ್ನು ಕಳ್ಳಿ ಮಾಡಿ ಮನೆಗೆ ಹೋಗುವವರಾ ನೀವು?"

"ಹೆಂಗಸರು ಎಲ್ಲದಕ್ಕೂ ಅಳುತ್ತಾರೆ. ನಂಬುವುದಿಲ್ಲ," ಎಂದಳು ರೊಸಿನಾ.

ಸುಗುಣಾ ಅಳುತ್ತಿರಲಿಲ್ಲ. ರೊಸಿನಾಳ ಕೈಯಿಂದ ಕತ್ತಿ ತೆಗೆದುಕೊಂಡು ಪಟವನ್ನು ಮಗುಚಿ ಹಾಕಿದಳು. ಹಿಂದೆ ಹೊಸ ಪ್ಲೈವುಡ್ ಅಂಟಿಸಿತ್ತು. ಸಂದಿಗೆ ಕತ್ತಿಯ ತುದಿ ತೂರಿಸಿ, ತೆಂಗಿನಕಾಯಿ ಸುಲಿದ ಕೈಯಿಂದ ಒಮ್ಮೆ ಮೀಟಿದಳು. ಪ್ಲೈವುಡ್ ಚಟ್ಟನೆ ಎದ್ದುಬಂತು. ಒಳಗೆ ಹಳೆಯ ಮರ, ಹುಳು ತಿಂದ ತೂತುಗಳು, ಕೆಳಮೂಲೆಯಲ್ಲಿ ಹೆಬ್ಬೆಟ್ಟಿನಗಲದ ಕರಿಕಲೆ.

"ಸುಟ್ಟದ್ದು ಅವಳು, ಪೆಟ್ಟು ತಿಂದದ್ದು ನೀವು. ಅವಳೇ ಹೇಳಿದ್ದು."

ರೊಸಿನಾ ಕನ್ನಡಕ ಹುಡುಕಿ ಹಾಕಿಕೊಂಡಳು. ಕಲೆಯ ಮೇಲೆ ಹೆಬ್ಬೆಟ್ಟಿಟ್ಟಳು. ಹೆಬ್ಬೆಟ್ಟು ದೊಡ್ಡದಾಗಿತ್ತು, ಕಲೆ ಚಿಕ್ಕದಾಗಿತ್ತು. "ಒಪ್ಪಿಕೊಂಡಳಾ?" ಎಂದಳು. "ಒಪ್ಪಿಕೊಂಡಳಾ ಹಂದಿ?"

ಆಮೇಲೆ ಅವಳು ಪುರುಷೋತ್ತಮನ ಕಡೆ ತಿರುಗಿದಳು. ಪಾದದಿಂದ ತಲೆಯವರೆಗೆ ನೋಡಿದಳು, ಹುಳ ಬಿದ್ದ ಕೋಸನ್ನು ಬುಟ್ಟಿಗೋ ಗೊಬ್ಬರಕ್ಕೋ ಎಂದು ನೋಡುವ ಹಾಗೆ. ಬೈಯಲಿಲ್ಲ. ಒಲೆಯ ಮೇಲೆ ಕಾಫಿ ಇಟ್ಟಳು. ಒಂದು ಲೋಟ ತನಗೆ, ಒಂದು ಸುಗುಣಾಳಿಗೆ, ಒಂದು ಪ್ರೀತಮನಿಗೆ. ನಾಲ್ಕನೆಯದು ಮೇಜಿಗೆ ಬರಲಿಲ್ಲ. ಪುರುಷೋತ್ತಮ ಶಾಲು ಹಿಡಿದುಕೊಂಡೇ ನಿಂತಿದ್ದ.

"ಖರ್ಚು ಎಷ್ಟಾಗಿದೆ ಗೊತ್ತುಂಟಾ ಇವಳಿಗೆ," ಎಂದು ಅವನು ಪ್ರೀತಮನ ಕಿವಿಯಲ್ಲಿ ಗೊಣಗಿದ.

"ಸುಮ್ನಿರಿ ಅಣ್ಣ," ಎಂದ ಪ್ರೀತಮ ಕಾಫಿ ಊದುತ್ತ.

ಕಾಫಿ ಮುಗಿಸಿ ರೊಸಿನಾ ಲಿವರ್‌ಪೂಲಿನ ಆಸ್ಪತ್ರೆಗೆ ಸುಗುಣಾಳಿಂದ ಫೋನು ಹಚ್ಚಿಸಿದಳು. ಹಿಂದಿನ ದಿನವೇ ಅಸ್ಸುಂತಾಳನ್ನು ಅಲ್ಲಿ ಸೇರಿಸಿಕೊಂಡಿದ್ದರು. ಅಕ್ಕತಂಗಿಯರ ಮಾತು ಅವರ ಊರಿನ ಭಾಷೆಯಲ್ಲಿ ನಡೆಯಿತು. ಒಂದಕ್ಷರ ತಿಳಿಯದಿದ್ದರೂ ಸುಗುಣಾಳಿಗೆ ತಿಳಿಯಿತು. ಅವಳ ತಾಯಿ, ಚಿಕ್ಕಮ್ಮ ಬಾವಿಕಟ್ಟೆಯಲ್ಲಿ ಇದೇ ರಾಗದಲ್ಲಿ ಜಗಳವಾಡುತ್ತಿದ್ದರು. ಬೈಗುಳ ಮೇಲೇರಿ, ಅಳುವಿಗೆ ತಾಗಿ, ಮತ್ತೆ ಬೈಗುಳಕ್ಕೆ ಇಳಿಯುವುದು. ಕೊನೆಗೆ ಅತ್ತಲಿಂದ ಜೋರಾದ ನಗು ಕೇಳಿಸಿತು.

ಫೋನಿಟ್ಟು ರೊಸಿನಾ ಹೇಳಿದಳು: "ಇದ್ದ ಹಾಗೇ ಬಂತು ಅಂದೆ. ನೀನೂ ಹಾಗೇ ಹೇಳು. ಎದೆ ಕೊಯ್ಯಿಸಿಕೊಳ್ಳುವವಳು."

ಅವಳು ಗಾಜು, ಬಂಗಾರದ ಚೌಕಟ್ಟು ಎರಡನ್ನೂ ಕಿತ್ತು ಪುರುಷೋತ್ತಮನ ಕೈಗೆ ಕೊಟ್ಟಳು. ಹಲಗೆಯನ್ನು ಒಲೆಯ ಮೇಲಿನ ಮೊಳೆಗೆ ನೇತುಹಾಕಿದಳು, ನಗುವ ಜನರನ್ನು ಗೋಡೆಗೆ ತಿರುಗಿಸಿ, ಸುಟ್ಟ ಕಲೆ ಹೊರಗೆ ಕಾಣುವಂತೆ.

ದಾರಿಯಲ್ಲಿ ಪುರುಷೋತ್ತಮ, "ಒಂದು ಥ್ಯಾಂಕ್ಸ್ ಹೇಳುವ ಸಂಸ್ಕಾರ ಇಲ್ಲ. ತರಕಾರಿ ಮಾರುವ ಜನ," ಎಂದ. ಅಂದಿನಿಂದ ಸುಗುಣಾ ಅವನ ಊಟ ಬಡಿಸುತ್ತಿದ್ದಳು, ಬಟ್ಟೆ ಮಡಚುತ್ತಿದ್ದಳು, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದಳು, ಅಷ್ಟೇ. ಬಳಗದ ವಾರ್ಷಿಕ ವರದಿಯಲ್ಲಿ 'ಸಂತರ ಚಿತ್ರದ ಜೀರ್ಣೋದ್ಧಾರ' ಎಂದು ಅಚ್ಚಾಯಿತು. ಸಂಪತ್‌ಗೆ ಪತ್ರ ಸಿಗಲಿಲ್ಲ. ಬಂಗಾರದ ಚೌಕಟ್ಟಿನಲ್ಲಿ ಪುರುಷೋತ್ತಮ ತನ್ನ ಫೋಟೋ ಹಾಕಿಸಿಕೊಂಡ. ಅಳತೆ ಸರಿಯಾಗಿ ಕೂತಿತು.

ಅಸ್ಸುಂತಾ ಎದ್ದಳು. ಆಗಸ್ಟಿನ ಒಂದು ಬಿಸಿಲಿನ ದಿನ, ಎದೆಯ ಹೊಲಿಗೆ ಹಿಡಿದುಕೊಂಡು ಬೇಲಿಯ ಹತ್ತಿರ ಬಂದು ನಿಂತಳು. ಕಳೆದ ಬೇಸಗೆಯ ಕೊನೆಯ ಬಾಟಲಿ ಕೈಯಲ್ಲಿತ್ತು.

"ಎಲ್ಲಿ ತೂಗು ಹಾಕಿದ್ದಾಳೆ?"

"ಒಲೆಯ ಮೇಲೆ."

"ಒಳ್ಳೆಯದು. ಅಮ್ಮನೂ ಒಲೆಯ ಮೇಲೆಯೇ ಇಟ್ಟಿದ್ದಳು. ಅಡುಗೆ ಮಾಡುವಾಗ ಅವನನ್ನು ನೋಡುತ್ತಾಳಾ?"

"ದಿನಾ ನೋಡ್ತಾರೆ," ಎಂದಳು ಸುಗುಣಾ.

"ಹಾಗಾದರೆ ನಮ್ಮ ಲೆಕ್ಕ ಮುಗಿಯಿತು," ಎಂದು ಅಸ್ಸುಂತಾ ಬಾಟಲಿಯನ್ನು ಬೇಲಿಯ ಮೇಲಿನಿಂದ ದಾಟಿಸಿದಳು. "ನೀನು ಒಯ್ದದ್ದಕ್ಕೆ."

ಆ ಸಾಸ್ ಹತ್ತು ದಿನಕ್ಕೆ ಮುಗಿಯಿತು. ಸುಗುಣಾ ಬಾಟಲಿ ತೊಳೆದು ಕಿಟಕಿಯ ದಂಡೆಯ ಮೇಲೆ ಬೋರಲು ಹಾಕಿದಳು. ಉಪ್ಪಿನಕಾಯಿಯ ಭರಣಿಗೆ ಕೈ ಹಾಕಿ ಹಿಂದೆ ತೆಗೆದಳು. ಸಾರಿನ ಪುಡಿಯ ಡಬ್ಬಿ ತೆರೆದು ಮುಚ್ಚಿದಳು. ಸುಳ್ಳು ಹೇಳಿ ಪಡೆದ ಬಾಟಲಿಗೆ ಏನು ತುಂಬಿದರೂ ಸಾಲದೆನಿಸಿತು. ಟೊಮೆಟೊ ಸಸಿ ನೆಡುವ ಕಾಲ ಬಂದು, ಬೇಲಿಯಾಚೆ ಅಸ್ಸುಂತಾ ಮತ್ತೆ ಬಕೆಟ್ ಹೊರತೊಡಗಿದಾಗಲೂ ಆ ಬಾಟಲಿ ಕಿಟಕಿಯಲ್ಲೇ ಇತ್ತು.